ಒಂದು ಬಾಗಿಲಿಗೆ ಇಬ್ಬರು ಭಾವಂದಿರು

ಅಡುಗೆಮನೆಯ ಮೇಜು,
ಮಂಗಳವಾರ ಮಧ್ಯಾಹ್ನ

ನನ್ನ ಮುಂಗೋಪದ ಮಗಳೇ,

ಹೇಗಿದ್ದೀ? ನಿನ್ನ ಅಕ್ಕ ಹೇಗಿದ್ದಾಳೆ? ಕೂಸು ಹಗಲೆಲ್ಲ ನಿದ್ದೆ ಹೊಡೆದು, ಊರು ಮಲಗಿದ ಮೇಲೆ ಕಚೇರಿ ತೆರೆಯುತ್ತದೆ ಎಂದು ಬರೆದಿದ್ದೀ. ಅದು ಚಿಕ್ಕಮ್ಮನ ಗುಣ, ದೂರು ಕೊಡಲು ಬೇರೆ ಮನೆ ಹುಡುಕಬೇಡ. ಬಾಣಂತಿಯು ನಿನ್ನ ಅಡುಗೆಯನ್ನು ತುಟಿ ಪಿಟಕ್ಕೆನ್ನದೆ ಉಣ್ಣುತ್ತಿದ್ದಾಳೆಂದರೆ ಅವಳಿಗಿನ್ನೂ ಪೂರ್ತಿ ಗುಣವಾಗಿಲ್ಲವೆಂದೇ ಅರ್ಥ. ಚೆನ್ನಾಗಿ ನೋಡಿಕೊ. ಇಲ್ಲಿ ನಿನ್ನ ಅಮ್ಮನ ಮಂಡಿ ಎಂದಿನಂತೆ ಹವಾಮಾನ ವರದಿ ಓದುತ್ತಿದೆ. ನಾನು ಗುಂಡುಕಲ್ಲು. ಕಾಗದವೇಕೆ ಎಂದೆಯಾ? ಫೋನಿನಲ್ಲಿ ನಿನ್ನ ಗಂಡನ ಸುದ್ದಿ ಎತ್ತಿದರೆ ಕಟ್ ಮಾಡುತ್ತೀ. ಕಾಗದವನ್ನು ಹರಿಯಬಹುದು ನಿಜ, ಆದರೆ ಏನು ಬರೆದಿದೆಯೋ ನೋಡದೆ ಹರಿಯುವಷ್ಟು ದೊಡ್ಡ ಮನಸ್ಸು ನಮ್ಮ ವಂಶದಲ್ಲಿ ಯಾರಿಗೂ ಇಲ್ಲ.

ಕಾರ್ಖಾನೆಯಲ್ಲಿ ಬೆಂಕಿ ಬಿತ್ತು, ನಿನ್ನ ಅಣ್ಣನೂ ನಿನ್ನ ಗಂಡನೂ ಹೊಡೆದಾಡಿ ಆಸ್ಪತ್ರೆ ಸೇರಿದರು. ನಿನಗೆ ಗೊತ್ತಿರುವುದು ಇಷ್ಟೇ. ಅಷ್ಟಕ್ಕೇ ನೀನು "ನನ್ನ ಅಣ್ಣನ ತಲೆ ಒಡೆದವನ ಮನೆಗೆ ಇನ್ನು ಕಾಲಿಡೋದಿಲ್ಲ" ಎಂದು ತೀರ್ಪು ಬರೆದು ಕಳಿಸಿದ್ದೀ. ತೀರ್ಪಿನ ಕೊನೆಗೆ ಒಂದು ಪ್ರಶ್ನೆಯನ್ನೂ ಸೇರಿಸಿದ್ದೀ: "ಇಬ್ಬರದೂ ಕಾಯೋ ಕೆಲಸವೇ ಅಲ್ವಾ ಅಪ್ಪ? ಕಾಯೋರು ಕಾಯೋರೇ ಯಾಕೆ ಬಡಿದಾಡ್ಕೋಬೇಕು?" ತೀರ್ಪನ್ನು ಪಕ್ಕಕ್ಕಿಟ್ಟು ಪ್ರಶ್ನೆಗೆ ಉತ್ತರ ಕೊಡುತ್ತೇನೆ.

ನಿನ್ನ ಅಣ್ಣ ಆ ಉಡುಪು ಕಾರ್ಖಾನೆಯಲ್ಲಿ ಸೇಫ್ಟಿ, ತಲೆಗೆ ಹಳದಿ ಟೋಪಿ. ನಿನ್ನ ಗಂಡ ಸೆಕ್ಯೂರಿಟಿ, ಸೊಂಟಕ್ಕೆ ಅಗಲ ಬೆಲ್ಟು, ಕೈಗೆ ಲಾಠಿ. ಎರಡೂ ಇಂಗ್ಲಿಷಿನ ಅವಳಿ ಮಕ್ಕಳು, ಒಂದನ್ನು ಕರೆದರೆ ಎರಡೂ ಓಡಿ ಬರುತ್ತವೆ ಎಂದೇ ನಾನೂ ನಂಬಿದ್ದೆ. ಸುಳ್ಳು. ಬೆಂಕಿಗೆ ನಮ್ಮ ಮೇಲೆ ಹಗೆಯಿಲ್ಲ, ಕರೆಂಟಿಗೆ ನಮ್ಮ ಪರಿಚಯವೇ ಇಲ್ಲ. ಇಂಥ ಹಗೆಯಿಲ್ಲದ ಕೇಡಿನಿಂದ ಕಾಪಾಡುವುದು ಸೇಫ್ಟಿ. ಬೇಕೆಂದೇ ಕೇಡು ಮಾಡಬರುವವರಿಂದ ಕಾಪಾಡುವುದು ಸೆಕ್ಯೂರಿಟಿ. ಸೇಫ್ಟಿಯವನ ಕಣ್ಣಿಗೆ ಮನುಷ್ಯರೆಲ್ಲ ಕೂಸುಗಳು, ವಸ್ತುಗಳೆಲ್ಲ ಕೊಲೆಗಡುಕರು. ಸೆಕ್ಯೂರಿಟಿಯವನಿಗೆ ವಸ್ತುಗಳೆಲ್ಲ ಕೂಸುಗಳು, ಮನುಷ್ಯರೆಲ್ಲ ಕಳ್ಳರು. ನಮ್ಮ ಮನೆಗೆ ಊಟಕ್ಕೆ ಬಂದಾಗ ನೀನೇ ನೋಡಿದ್ದೀಯಲ್ಲ, ಒಬ್ಬ ಬಂದವನೇ ಗ್ಯಾಸ್ ವಾಸನೆ ಮೂಸುತ್ತಾನೆ, ಇನ್ನೊಬ್ಬ ಹಿತ್ತಿಲ ಚಿಲಕ ಜಗ್ಗುತ್ತಾನೆ. ಇಬ್ಬರ ನಡುವೆ ನಾನೂ ನಿನ್ನ ಅಮ್ಮನೂ ಮಹಾರಾಜ ಮಹಾರಾಣಿಯರ ಹಾಗೆ ನಿಶ್ಚಿಂತೆಯಿಂದ ಗೊರಕೆ ಹೊಡೆಯುತ್ತಿದ್ದೆವು. ಆದರೆ ಕಾರ್ಖಾನೆಯ ಇಸ್ತ್ರಿ ಕೋಣೆಗೆ ಹಿಂಬಾಗಿಲು ಮಾತ್ರ ಒಂದೇ ಇತ್ತು. ಅದು ತೆರೆದಿರಬೇಕು ಎನ್ನುವುದು ಸೇಫ್ಟಿ. ಮುಚ್ಚಿರಬೇಕು ಎನ್ನುವುದು ಸೆಕ್ಯೂರಿಟಿ.

ಮ್ಯಾನೇಜರು ಮಾಡಿಸಿದ ರಾಜಿಯೊಂದು ಇತ್ತು. ಹೊರಗಿನಿಂದ ಬೀಗ, ಬೀಗದ ಕೈ ನಿನ್ನ ಗಂಡನ ಬೆಲ್ಟಿನಲ್ಲಿ, ಬೆಂಕಿಯ ಗಂಟೆ ಹೊಡೆದ ಕೂಡಲೇ ಅವನು ತೆರೆಯಬೇಕು. ಒಂದು ದಿನ ನಿನ್ನ ಅಣ್ಣ, ಇದು ಬರೀ ಅಭ್ಯಾಸದ ಡ್ರಿಲ್ ಎಂದು ಯಾರಿಗೂ ಹೇಳದೆ ಗಂಟೆ ಹೊಡೆದ. ಹೇಳಿ ಮಾಡಿದರೆ ಅದು ಡ್ರಿಲ್ ಹೇಗಾಗುತ್ತದೆ ಎನ್ನುವುದು ಅವನ ಸಿದ್ಧಾಂತ. ನಿನ್ನ ಗಂಡ ಬಾಗಿಲು ತೆರೆದ. ಜನವೆಲ್ಲ ಅಂಗಳದಲ್ಲಿ ಸಾಲಾಗಿ ನಿಂತಿದ್ದಾಗ, ಅದೇ ಬಾಗಿಲಿನಿಂದ ಶರಟಿನ ಕಟ್ಟುಗಳು ಕಾಂಪೌಂಡ್ ಹಾರಿ ಸಂಸಾರ ಹೂಡಲು ಹೋಗಿದ್ದವು. ಮ್ಯಾನೇಜರು ಸಂಜೆ ಕೆಲಸ ಬಿಡುವ ಹೊತ್ತಿಗೆ, ಹೆಂಗಸರೆಲ್ಲ ನೋಡುತ್ತಿರುವಾಗ, ಗೇಟಿನಲ್ಲಿ ನಿನ್ನ ಗಂಡನ ಜೇಬು ಹೊರಗೆಳೆಸಿದರು. ಕಳ್ಳರನ್ನು ತಡಕುವವನನ್ನೇ ತಡಕಿದರು. ಇದನ್ನು ಅವನು ನಿನಗೆ ಹೇಳಿಲ್ಲ, ನನಗೆ ಗೊತ್ತು. ನಿನ್ನ ಅಣ್ಣ ಸುಮ್ಮನಿದ್ದರೂ ಆಗುತ್ತಿತ್ತು. "ಭಾವ, ಮುಂದಿನ ಡ್ರಿಲ್‌ನಲ್ಲಿ ನಿಮ್ಮನ್ನೇ ಕಟ್ಟು ಕಟ್ಟಿ ಹೊತ್ಕೊಂಡು ಹೋಗ್ತಾರೆ ನೋಡಿ" ಎಂದು ನಕ್ಕ. ನಿನ್ನ ಗಂಡ ನಗಲಿಲ್ಲ. "ಇನ್ನೊಂದ್ಸಲ ನಿನ್ನ ಗಂಟೆ ಕೇಳಿ ನಾನು ಬೀಗ ತೆಗೆದ್ರೆ ಕೇಳು" ಎಂದ.

ಶುಕ್ರವಾರ ಗಂಟೆ ಹೊಡೆಯಿತು. ಇಸ್ತ್ರಿ ಪೆಟ್ಟಿಗೆಯ ವೈರು ಸುಟ್ಟು ಚಿಂದಿ ಬಟ್ಟೆಯ ರಾಶಿಗೆ ಬೆಂಕಿ ಹತ್ತಿತ್ತು, ಮುಂದಿನ ದಾರಿ ಉರಿಯ ಪಾಲಾಗಿತ್ತು. ಹಿಂದಿನ ಅಂಗಳದಲ್ಲಿದ್ದ ನಿನ್ನ ಗಂಡನಿಗೆ ಹೊಗೆ ಕಾಣಿಸಲಿಲ್ಲ, ಗಂಟೆ ಮಾತ್ರ ಕೇಳಿಸಿತು. ಅವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ನಿನ್ನ ಅಣ್ಣ ಕಬ್ಬಿಣದ ಸಲಾಕೆ ಹಿಡಿದು ಓಡಿ ಬಂದು, "ಭಾವಾ, ಇದು ಡ್ರಿಲ್ ಅಲ್ಲ!" ಎಂದು ಅರಚಿದ. "ಹೋದ ಸಲಾನೂ ಇದೇ ಮುಖ ಹೊತ್ಕೊಂಡು ಬಂದಿದ್ದೆ!" ಎಂದ ಇವನು. ಒಳಗಿನಿಂದ ಬಾಗಿಲು ಬಡಿಯುವ ಸದ್ದು. ಹೋದ ಸಲವೂ ಬಡಿದಿದ್ದರು. ಅಷ್ಟು ಚೆನ್ನಾಗಿ ತರಬೇತಿ ಕೊಟ್ಟಿದ್ದ ನಿನ್ನ ಅಣ್ಣ.

ಆಮೇಲೆ ನಡೆದದ್ದನ್ನು ಕುಸ್ತಿ ಎಂದರೆ ಕುಸ್ತಿಗೆ ಅವಮಾನ. ನಿನ್ನ ಅಣ್ಣ ಬೀಗಕ್ಕೆಂದು ಎತ್ತಿದ ಸಲಾಕೆ ಇವನ ಬಲ ಭುಜಕ್ಕೆ ಬಿತ್ತು, ಕೊರಳೆಲುಬು ಒಣ ಸೌದೆಯ ಹಾಗೆ ಮುರಿಯಿತು. ಇವನು ಎಡಗೈಗೆ ಲಾಠಿ ಬದಲಿಸಿ ಭಾವನ ನೆತ್ತಿಗೆ ಕೊಟ್ಟ. ಹಳದಿ ಟೋಪಿ ಎಲ್ಲಿತ್ತು ಎಂದು ಕೇಳಬೇಡ, ಊರಿಗೆಲ್ಲ ಟೋಪಿ ಹಾಕಿಸುವ ಮಹಾನುಭಾವ ಅವತ್ತು ಅದನ್ನು ಮೇಜಿನ ಮೇಲೆ ಮರೆತು ಬಂದಿದ್ದ. ನೆತ್ತಿ ಬಿರಿದು ರಕ್ತ ಕಣ್ಣಿಗಿಳಿಯಿತು. ಕಣ್ಣು ಕಾಣದವನು ಸಿಕ್ಕಿದ್ದನ್ನು ಕಚ್ಚಿದ, ಸಿಕ್ಕಿದ್ದು ಇವನ ಮಣಿಕಟ್ಟು. ಇವನು ಮೊಣಕಾಲಿನಿಂದ ಅವನ ಪಕ್ಕೆಗೆ ಒದೆದ, ಅವನು ಹಣೆಯಿಂದಲೇ ಇವನ ಬಾಯಿಗೆ ಗುದ್ದಿದ, ಎರಡು ಹಲ್ಲು ನೆಲದ ಪಾಲು. ಮದುವೆಯಲ್ಲಿ ಒಂದೇ ತಟ್ಟೆಯಲ್ಲಿ ಉಂಡ ಭಾವಂದಿರು ಒಬ್ಬರ ಗಂಟಲನ್ನೊಬ್ಬರು ಹಿಸುಕುತ್ತ ಬಾಗಿಲ ಬುಡಕ್ಕೆ ಉರುಳಿದರು. ಅಲ್ಲಿ, ಕದದ ಕೆಳಗಿನ ಸಂದಿಯಿಂದ, ಹೊಗೆಯ ಜೊತೆ ನಾಲ್ಕು ಬೆರಳು ಹೊರಗೆ ಬಂದಿದ್ದವು. ಸೂಜಿ ಚುಚ್ಚದಂತೆ ಹಾಕುವ ತಗಡಿನ ಟೋಪಿ ಒಂದು ಬೆರಳಿಗಿತ್ತು.

ಗುಂಡಿಯಕ್ಕನ ಕೈ ಅದು. ಶರಟಿಗೆ ಗುಂಡಿ ಹೊಲಿಯುತ್ತಿದ್ದ ಗುಂಡಿಯಕ್ಕ, ಉಸಿರಿಗಾಗಿ ನೆಲಕ್ಕೆ ಮುಖವಿಟ್ಟು ಮಲಗಿದ್ದಳು. ನಿನ್ನ ಗಂಡ ಗಂಟಲು ಬಿಟ್ಟ. ಬಲಗೈ ಏಳದು, ಎಡಗೈಗೆ ಬೀಗದ ಕೈ ಬೆಲ್ಟಿನಿಂದ ಬಿಡಿಸಲು ಬಾರದು. ಬಿಡಿಸಿಕೊಟ್ಟವನು ನಿನ್ನ ಅಣ್ಣ. ಕದ ತೆರೆದದ್ದೇ ಒಳಗಿದ್ದವರು ಕಟ್ಟೆಯೊಡೆದ ನೀರಿನಂತೆ ನುಗ್ಗಿದರು. ಮೊದಲು ತುಳಿದದ್ದು ಹೊಸ್ತಿಲಲ್ಲಿ ಮಲಗಿದ್ದವಳನ್ನು. ಯಾರನ್ನು ಬಯ್ಯುವುದು? ಎಲ್ಲರಿಗೂ ಉಸಿರು ಬೇಕಿತ್ತು. ನಿನ್ನ ಗಂಡ ಆ ಕಾಲುಗಳ ನಡುವೆ ತೆವಳಿ ಅವಳ ಮೇಲೆ ಅಡ್ಡ ಬಿದ್ದ, ಮುರಿದ ಭುಜದ ಮೇಲೆಯೇ ಜನ ಓಡಿದರು. ಉಳಿದವರೆಲ್ಲ ಬದುಕಿದರು. ಗುಂಡಿಯಕ್ಕ ಭಾನುವಾರ ಬೆಳಿಗ್ಗೆ ಹೋದಳು. ಇದನ್ನು ಫೋನಿನಲ್ಲಿ ಹೇಳಲು ನನ್ನ ನಾಲಿಗೆ ಏಳಲಿಲ್ಲ ಮಗಳೇ. ಕಾಗದಕ್ಕೆ ಇದೂ ಒಂದು ಕಾರಣ.

ಆಸ್ಪತ್ರೆಯವರು ಜಾಣತನದಿಂದ ಇಬ್ಬರನ್ನೂ ಅಕ್ಕಪಕ್ಕದ ಹಾಸಿಗೆಯಲ್ಲೇ ಮಲಗಿಸಿದ್ದರು. "ಇವನ ಪಕ್ಕ ಬೇಡ, ಎದ್ದ ತಕ್ಷಣ ಕೊಲ್ತೀನಿ" ಎಂದ ನಿನ್ನ ಅಣ್ಣ. "ಕೊಲ್ಲೋದಾದ್ರೆ ಡ್ರೆಸಿಂಗ್ ಆದ್ಮೇಲೆ ಕೊಲ್ಲಿ, ಎರಡೆರಡು ಸಲ ಕಟ್ಟೋಕೆ ನನಗೆ ಆಗಲ್ಲ" ಎಂದಳು ನರ್ಸು. ನಿನ್ನ ಅಮ್ಮ ನಡುವೆ ಸ್ಟೂಲು ಹಾಕಿ ಕೂತು ಇಬ್ಬರಿಗೂ ಸಮಪಾಲು ಬೈದಳು. ನಿನ್ನ ಗಂಡ ಗೋಡೆ ನೋಡುತ್ತಿದ್ದ. ನಿನ್ನೆ ನಿನ್ನ ಅಣ್ಣನನ್ನು ಎಕ್ಸ್‌ರೇಗೆ ಕರೆದೊಯ್ದಿದ್ದಾಗ ಮ್ಯಾನೇಜರು ಹಣ್ಣಿನ ಚೀಲ ಹಿಡಿದು ಬಂದರು. ನಾನು ತೂಕಡಿಸುವವನಂತೆ ಕಣ್ಣು ಮುಚ್ಚಿದೆ. "ಬೀಗದ ಕೈ ಸೇಫ್ಟಿಯವರ ಹತ್ರ ಇತ್ತು ಅಂತ ಪೊಲೀಸರಿಗೆ ಒಂದು ಮಾತು ಹೇಳಿ ಸಾಕು. ನಿಮ್ಮ ಕೆಲಸ ಎಲ್ಲೂ ಹೋಗಲ್ಲ. ಇಲ್ಲಾಂದ್ರೆ ಬೀಗ ಹಾಕಿದವರು ನೀವು, ಹೋದದ್ದು ಒಂದು ಜೀವ, ಯೋಚನೆ ಮಾಡಿ" ಎಂದರು. ನಿನ್ನ ಗಂಡ ಹ್ಞೂಂ ಎನ್ನಲಿಲ್ಲ, ಊಹ್ಞೂಂ ಎನ್ನಲಿಲ್ಲ. ಇವತ್ತು ಬೆಳಿಗ್ಗೆ ಇಬ್ಬರನ್ನೂ ಆಸ್ಪತ್ರೆಯಿಂದ ಬಿಟ್ಟರು, ಅಲ್ಲಿಂದ ನೇರ ಸ್ಟೇಷನ್ನಿಗೆ ಹೇಳಿಕೆ ಕೊಡಲು ಹೋಗಿದ್ದಾರೆ.

ನೀನು ಬಾ ಎಂದೂ, ಅವನನ್ನು ಕ್ಷಮಿಸು ಎಂದೂ ನಾನು ಬರೆಯುವುದಿಲ್ಲ. ಭಾವನ ಮೇಲೆ ಸುಳ್ಳು ಹೊರಿಸಿ ಬಂದನೆಂದರೆ ಆ ಮನೆಯಿಂದ ನಿನ್ನ ಪೆಟ್ಟಿಗೆಯನ್ನು ನಾನೇ ಹೊತ್ತು ತರುತ್ತೇನೆ, ಬೆನ್ನು ನೋಯಲಿ. ಕೂಸಿಗೆ ಅಜ್ಜನ ಮುತ್ತು, ನಿನ್ನ ಅಕ್ಕನಿಗೆ ತಲೆಯ ಮೇಲೆ ಕೈ, ನಿನಗೆ ಕಿವಿ ಹಿಂಡಿ ಆಶೀರ್ವಾದ.

ನಿನ್ನ
ಅಪ್ಪ

ಇನ್ನೊಂದು ಮಾತು: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ನಿನ್ನ ಅಣ್ಣನೊಬ್ಬನೇ ಬಂದ. ನಿನ್ನ ಗಂಡ ಅಲ್ಲಿ ಹೇಳಿದ್ದು ಇಷ್ಟಂತೆ: "ಬೀಗ ಹಾಕಿಸಿದ್ದು ಮ್ಯಾನೇಜರು. ಹಾಕಿದ್ದು ನಾನು. ಗಂಟೆ ಕೇಳಿಯೂ ತೆಗೀದೆ ನಿಂತಿದ್ದೂ ನಾನೇ. ನಮ್ಮ ಭಾವ ನನಗೆ ಹೊಡೆದದ್ದು ಸರಿಯಾಗೇ ಇತ್ತು, ಇನ್ನೂ ಜೋರಾಗಿ ಹೊಡೀಬೇಕಿತ್ತು." ಅವನನ್ನು ಅಲ್ಲೇ ಇಟ್ಟುಕೊಂಡರು, ಮ್ಯಾನೇಜರಿಗೂ ಕರೆ ಹೋಗಿದೆ. ನಿನ್ನ ಅಣ್ಣ ನಾಳೆ ಮೊದಲ ಬಸ್ಸಿಗೆ ನಿನ್ನನ್ನು ಕರೆತರಲು ಹೊರಡುತ್ತಿದ್ದಾನೆ, ಈ ಕಾಗದವನ್ನು ಅವನ ಕೈಯಲ್ಲೇ ಕಳಿಸುತ್ತೇನೆ. ತಲೆಯ ಕಟ್ಟು ನೋಡಿ ಹೆದರಬೇಡ. ಭಾವನನ್ನು ಕ್ಷಮಿಸಿದೆಯೇನೋ ಎಂದು ಅವನನ್ನು ಕೇಳಿದೆ. "ಕ್ಷಮಿಸೋ ಮಾತು ಬೇರೆ ಅಪ್ಪ. ಅವನಿಗೆ ಎಡಗೈಲಿ ಉಣ್ಣೋಕೆ ಬರಲ್ಲ, ಸ್ಟೇಷನ್ನಲ್ಲಿ ತಟ್ಟೆ ಮುಂದೆ ಇಟ್ಕೊಂಡು ಸುಮ್ನೆ ಕೂತಿದ್ದಾನೆ. ನಾನು ತಿನ್ನಿಸೋಕೆ ಹೋದ್ರೆ ಬಾಯಿ ತೆಗೀಲಿಲ್ಲ" ಎಂದ.