ಗೋಡೆಯವ್ವನ ಬಾಯಿ ಮುಚ್ಚಿದ ದಿನ

ಮೂರನೇ ಮೆಟ್ಟಿಲುಸಾಲು, ಬಂಡೆಮನೆಗಳು, ಚಿತ್ರದುರ್ಗ
ಫೆಬ್ರವರಿ ಮೂವತ್ತು, ೨೨೧೩

ನನ್ನ ಅಜ್ಜಿಯ ಅಜ್ಜಿಯ ಅಜ್ಜಿ ಹಂಸವೇಣಿಯವರಿಗೆ ಸಿರಿಗೌರಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ, ಇವಳು ನಿದ್ದೆಗಣ್ಣಿನಲ್ಲಿ ಬರೆದಿದ್ದಾಳೆ ಎಂದುಕೊಳ್ಳಬೇಡಿ. ನಿದ್ದೆಗಣ್ಣು ನಿಜ, ತಾರೀಖೂ ನಿಜ. ಅರವತ್ತು ವರ್ಷಗಳ ಹಿಂದೆ ನಮ್ಮ ಹಿರಿಯರು ಜುಲೈ ಮತ್ತು ಆಗಸ್ಟ್‌ನಿಂದ ಒಂದೊಂದು ದಿನ ಕಿತ್ತು ಫೆಬ್ರವರಿಗೆ ಕೊಟ್ಟರು. ಸೆಕೆ ಶುರುವಾಗುವ ಮುಂಚೆ ಇನ್ನೆರಡು ದಿನ ತಂಪು ಸಿಗಲಿ ಎಂಬ ಆಸೆಯಂತೆ. ಬಿಸಿಲಿಗೆ ಕ್ಯಾಲೆಂಡರ್ ಓದಲು ಬರುವುದಿಲ್ಲ ಎಂದು ಅವರಿಗೆ ಯಾರೂ ಹೇಳಲಿಲ್ಲ. ಈ ಕಾಗದದಲ್ಲಿ ನಿಮಗೆ ಗೊತ್ತಿಲ್ಲದ ಮಾತುಗಳು ಇನ್ನೂ ಕೆಲವು ಬರುತ್ತವೆ. ಬಂದಲ್ಲೇ ಬಿಡಿಸಿ ಹೇಳುತ್ತೇನೆ, ಕ್ಷಮಿಸಿ. ಹಿಂದಕ್ಕೆ ಹೋಗುವ ಅಂಚೆಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲವಾದ್ದರಿಂದ ಇದು ನಿಮ್ಮ ಕೈಸೇರುವ ಬಗೆ ನನಗೆ ತಿಳಿಯದು. ಆದರೂ ಬರೆಯುತ್ತಿದ್ದೇನೆ. ನಿನ್ನೆ ನನ್ನ ಮಗಳು ತುಂಬೆಗೆ ಎರಡು ವರ್ಷ ತುಂಬಿತು. ಆ ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಯಾರಿಗಾದರೂ ಹೇಳಲೇಬೇಕು, ಈ ಸಾಲಿನಲ್ಲಿ ಹೇಳಿಕೊಳ್ಳುವಂಥವರು ಯಾರೂ ಉಳಿದಿಲ್ಲ. ಎಲ್ಲರೂ ಅಲ್ಲಿಯೇ ಇದ್ದರು.

ಮೊದಲು ನಮ್ಮ ದಣಿವಿನ ವಿಷಯ ಹೇಳಬೇಕು, ಉಳಿದದ್ದೆಲ್ಲ ಅದರಿಂದಲೇ ಹುಟ್ಟಿದ್ದು. ನಮ್ಮ ಊರಿನ ಬೀದಿಗಳ ಮೇಲೆ ಈ ತುದಿಯಿಂದ ಆ ತುದಿಯವರೆಗೆ ದಪ್ಪ ಬಟ್ಟೆ ಎಳೆದು ಕಟ್ಟಿದ್ದೇವೆ. ಅದನ್ನು ತೆರೆ ಎನ್ನುತ್ತೇವೆ. ತೆರೆ ಇದ್ದರೆ ಊರು. ಒಂದು ಕಡೆ ಹರಿದರೆ ಆ ಬೀದಿಯಲ್ಲಿ ಮಧ್ಯಾಹ್ನ ಬರಿಗಾಲಿಡುವುದಿರಲಿ, ಬಾಗಿಲ ಚಿಲಕವನ್ನೂ ಮುಟ್ಟಲಾಗುವುದಿಲ್ಲ. ಅದಕ್ಕೇ ಹದಿನೆಂಟು ತುಂಬಿದ ಎಲ್ಲರೂ ದಿನಕ್ಕೆ ಹತ್ತು ಗಂಟೆ ತೆರೆಪಾಳಿ ಮಾಡುತ್ತೇವೆ: ಹೊಲಿಯುವುದು, ನೀರು ಚಿಮುಕಿಸುವುದು, ಹಗ್ಗ ಬಿಗಿಯುವುದು. ನಿಮ್ಮ ಕಾಲದಲ್ಲಿ ಕೋಟೆ ನೋಡಲು ಬರುತ್ತಿದ್ದರಂತಲ್ಲ, ಆ ಕೋಟೆಯ ಬಂಡೆಗಳನ್ನೇ ಕೊರೆದು ನಾವು ಮನೆ ಮಾಡಿಕೊಂಡಿದ್ದೇವೆ. ನನ್ನ ಗಂಡ ಓಬಳೇಶನದು ಒಂದು ಪಾಳಿ, ನನ್ನದು ಇನ್ನೊಂದು. ಮದುವೆಯಾದ ಐದು ವರ್ಷಗಳಲ್ಲಿ ನಾವಿಬ್ಬರು ಹೆಚ್ಚು ಮಾತಾಡಿರುವುದು ಮೆಟ್ಟಿಲ ಮೇಲೆ, ಅವನು ಹತ್ತುವಾಗ ನಾನು ಇಳಿಯುವಾಗ. ಇವರಿಗೆ ಮಗುವಾದದ್ದಾದರೂ ಹೇಗೆ ಎಂದು ನನ್ನ ಅತ್ತೆ ತಿಪ್ಪಕ್ಕ ಈಗಲೂ ಗೇಲಿ ಮಾಡುತ್ತಾರೆ.

ಹೀಗೆ ಬದುಕುವವರು ಮಕ್ಕಳನ್ನು ಸಾಕುವುದು ಹೇಗೆ? ಅದಕ್ಕೆ ಗೋಡೆಯವ್ವ ಇದ್ದಾಳೆ. ಬಸುರಿಗೆ ಏಳು ತಿಂಗಳಾದಾಗ ಊರಿನವರು ಇಪ್ಪತ್ತು ದಿನ ರಜೆ ಕೊಡುತ್ತಾರೆ. ನಮ್ಮ ಬದುಕಿನಲ್ಲಿ ಸಿಗುವ ಉದ್ದನೆಯ ರಜೆ ಅದೊಂದೇ. ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ಮಲಗಿ, ಮೈಮನಸ್ಸು ತಿಳಿಯಾದ ಮೇಲೆ ಒಂದು ಸದ್ದಿಲ್ಲದ ಕೋಣೆಯಲ್ಲಿ ಕೂರಿಸುತ್ತಾರೆ. ಅಲ್ಲಿ ನಾಲ್ಕು ದಿನ ಹಾಡಬೇಕು, ಮುದ್ದಾಡಬೇಕು, ಹುಟ್ಟದ ಮಗುವನ್ನು ಬಂಗಾರ ಎಂದು ಕರೆಯಬೇಕು. ಆ ದನಿಯನ್ನು ಹಿಡಿದು ಮನೆಯ ಗೋಡೆಯೊಳಗೆ ಇಡುತ್ತಾರೆ. ಅಂಗೈಯಗಲದ ಮೂರು ಜಾಲರಿಗಳಿಂದ ಅದು ಎರಡು ವರ್ಷ ಮಗುವಿನೊಡನೆ ಮಾತಾಡುತ್ತದೆ. ಅತ್ತರೆ ಸಮಾಧಾನ ಮಾಡುತ್ತದೆ, ತೊಟ್ಟಿಲು ತೂಗುತ್ತದೆ, ಮೂಗಿಗೆ ಬೇಳೆ ತುರುಕಿಕೊಂಡರೆ ಪಕ್ಕದ ಮನೆಯವರನ್ನು ಕೂಗುತ್ತದೆ. ಅದಕ್ಕೆ ಬೇಸರವಿಲ್ಲ. ನಾನು ಪಾಳಿ ಮುಗಿಸಿ ಬಂದು ಒಳಕೋಣೆಯಲ್ಲಿ ಬಿದ್ದುಕೊಂಡಾಗ, ಹೊರಗೆ ನನ್ನದೇ ದನಿ ನನಗಿಂತ ಚೆನ್ನಾಗಿ ನನ್ನ ಮಗಳನ್ನು ಆಡಿಸುವುದು ಕೇಳುತ್ತಿತ್ತು. ಕೇಳುತ್ತ ಮಲಗಿಬಿಡುತ್ತಿದ್ದೆ. ತುಂಬೆ ಗೋಡೆಯನ್ನು ಅವ್ವ ಎನ್ನುತ್ತಾಳೆ. ನನ್ನನ್ನು, ಓಬಳೇಶ ಗೌರಿ ಎಂದು ಕರೆಯುವುದನ್ನು ಕೇಳಿ ಕಲಿತು, ಗೌಯಿ ಎನ್ನುತ್ತಾಳೆ.

ಎರಡು ತುಂಬಿದ ದಿನ ಗೋಡೆ ಬಿಡಿಸುತ್ತಾರೆ. ನಮ್ಮಲ್ಲಿ ದೊಡ್ಡ ಹುಟ್ಟುಹಬ್ಬ ಅದೊಂದೇ. ಅದನ್ನು ನಡೆಸಿಕೊಡುವವಳು ದನಿಗಿತ್ತಿ. ಸೂಲಗಿತ್ತಿ ಹೊಟ್ಟೆಯಿಂದ ಬಿಡಿಸಿದರೆ ಇವಳು ಗೋಡೆಯಿಂದ ಬಿಡಿಸುತ್ತಾಳೆ. ನಮ್ಮ ಸಾಲಿಗೆ ಸಣ್ಣೀರಕ್ಕ ಎಂಬವಳಿದ್ದಾಳೆ. ಮಾತು ಒರಟು, ಆದರೆ ಸುಳ್ಳಾಡುವವಳಲ್ಲ. ಹಬ್ಬಕ್ಕೆ ಮೂರು ದಿನ ಮುಂಚೆ ಅವಳು ಬಂದು ಬೇವು ಹಚ್ಚುತ್ತಾಳೆ. ನಿಮ್ಮ ಕಾಲದಲ್ಲಿ ಹಾಲು ಬಿಡಿಸಲು ಮೊಲೆಗೆ ಬೇವು ಹಚ್ಚುತ್ತಿದ್ದರಲ್ಲ, ಹೆಸರು ಅಲ್ಲಿಂದ ಬಂದದ್ದು. ಈಗ ಹಚ್ಚುವುದು ದನಿಗೆ. ಗೋಡೆಯ ದನಿಯನ್ನು ಗೊಗ್ಗರಾಗಿಸಿ, ಮಗುವಿಗೆ ಅದು ಬೇಡವಾಗುವಂತೆ ಮಾಡುತ್ತಾರೆ. ಹಬ್ಬದ ಬೆಳಿಗ್ಗೆ ಗೋಡೆ ಸುಮ್ಮನಾಗುತ್ತದೆ. ತಾಯಿ ಹೊಸ್ತಿಲ ಬಳಿ ಪಾಯಸ ಹಿಡಿದು ಕೂತು ಮಗುವನ್ನು ಕರೆಯುತ್ತಾಳೆ. ಸಂಜೆಯೊಳಗೆ ಮಗು ಬಂದರೆ ಜಾಲರಿಗೆ ಗಾರೆ ಮೆತ್ತಿ ಎಲ್ಲರೂ ಅಂಗೈ ಒತ್ತುತ್ತಾರೆ. ಬಾರದಿದ್ದರೆ ಗೋಡೆಗೆ ಹಳೆಯ ದನಿ ಕೊಟ್ಟು ಇನ್ನೊಂದು ವರ್ಷ ಬಿಡುತ್ತಾರೆ. ಅದಕ್ಕೆ ಮರುವರ್ಷ ಎನ್ನುತ್ತಾರೆ. ಮರುವರ್ಷದ ಮಕ್ಕಳು ಆಮೇಲೆ ತಾಯಿಯ ಹತ್ತಿರ ಬರುವುದು ಕಷ್ಟ. ನನ್ನ ಅಕ್ಕನ ಮಗ ಬರಲಿಲ್ಲ. ಅವನಿಗೀಗ ಹನ್ನೊಂದು, ತಾಯಿಯನ್ನು ನೆಂಟರಂತೆ ಮರ್ಯಾದೆಯಿಂದ ಮಾತಾಡಿಸುತ್ತಾನೆ.

ಅಜ್ಜಿ, ನನ್ನ ತಪ್ಪು ಏನೆಂದು ಈಗ ಹೇಳುತ್ತೇನೆ. ಬೇವು ಹಚ್ಚುವ ವಾರ ತಾಯಂದಿರು ಮೌನ ಹಿಡಿಯುತ್ತಾರೆ. ಜೇನು ನೆಕ್ಕುತ್ತಾರೆ, ಶುಂಠಿ ನೀರು ಕುಡಿಯುತ್ತಾರೆ, ಹಬ್ಬದ ದಿನ ದನಿ ಎರಡು ವರ್ಷದ ಹಿಂದಿನಂತೆ ಇರಲಿ ಎಂದು. ಆದರೆ ಆ ವಾರವೇ ಗಾಳಿಗೆ ಪಡುವಣ ಬೀದಿಯ ತೆರೆ ಹರಿಯಿತು. ಮೂರು ದಿನ ನಾನು ಹಗ್ಗದ ತುದಿಯಲ್ಲಿ ನಿಂತು, ಎಳೀರಿ, ಬಿಡ್ರಿ ಎಂದು ಧೂಳಿನಲ್ಲಿ ಅರಚಿದೆ. ಗಂಟಲು ಕಟ್ಟಿತು. ಇಂಥ ಸಂಗತಿಯನ್ನು ಸಣ್ಣೀರಕ್ಕನಿಗೆ ಹೇಳಿಬಿಡಬೇಕು. ಹೇಳಿದ್ದರೆ ಅವಳು ಬೇವಿಗೆ ಯಾವುದಾದರೂ ಗಂಡಸಿನ ದನಿ ಹಾಕುತ್ತಿದ್ದಳು. ನಾನು ಹೇಳಲಿಲ್ಲ. ಸ್ವಲ್ಪ ಬಿಗುಮಾನ, ಹೆಚ್ಚು ಸುಸ್ತು. ಅವಳ ಮನೆಗೆ ನಲವತ್ತು ಮೆಟ್ಟಿಲು ಹತ್ತಬೇಕಿತ್ತು. ಹೀಗಾಗಿ ಮೂರು ದಿನ ಗೋಡೆಯಿಂದ ನನ್ನ ಮಗಳಿಗೆ ಕೇಳಿಸಿದ ಆ ಕಹಿ, ಗೊಗ್ಗರು ಹೆಂಗಸಿನ ದನಿ, ಹೊರಗೆ ಬೀದಿಯಲ್ಲಿ ಅರಚಿ ಕಟ್ಟಿಹೋದ ನನ್ನ ದನಿಯ ಹಾಗೆಯೇ ಇತ್ತು.

ಹಬ್ಬ ಚೆನ್ನಾಗಿಯೇ ಶುರುವಾಯಿತು. ತೆರೆಯ ಅಂಚಿನ ತುಂಡುಗಳಿಂದ ತೋರಣ ಕಟ್ಟಿದ್ದೆವು. ತುಂಬೆಗೆ ಓಬಳೇಶ ತಾನೇ ಹೊಲಿದ ಹಳದಿ ಲಂಗ, ಒಂದು ಕಡೆ ಗೇಣುದ್ದ ಹೆಚ್ಚು. ಅವಳು ಅದನ್ನು ಎರಡು ಸಲ ಬಿಚ್ಚೆಸೆದಳು. ಬ್ಯಾಡ ಎಂಬುದೊಂದೇ ಅವಳಿಗೆ ಈಗ ಮೆಚ್ಚಿನ ಮಾತು: ಲಂಗ ಬ್ಯಾಡ, ಚಪ್ಪಲಿ ಬ್ಯಾಡ, ಬಂದ ನೆಂಟರೂ ಬ್ಯಾಡ. ವಾಡಿಕೆಯಂತೆ ನಿಮ್ಮ ದೃಶ್ಯವನ್ನೂ ಹಾಕಿದರು. ನಿಮ್ಮದೆಂದು ನಮ್ಮಲ್ಲಿ ಉಳಿದಿರುವುದು ಅದೊಂದೇ, ನಿಮ್ಮ ಮಗಳ ಎರಡನೇ ಹುಟ್ಟುಹಬ್ಬದ ಅರ್ಧ ನಿಮಿಷ. ಅದರಲ್ಲಿ ನೀವು ನನಗಿಂತ ಚಿಕ್ಕವರು. ತಲೆ ಕೆದರಿದೆ, ಮಗು ಕೇಕಿನೊಳಗೆ ಕೈ ಹಾಕುತ್ತಿದೆ, ನೀವು ಒಡೆದ ಗಂಟಲಿನಲ್ಲಿ, "ಏ, ಒಂದ್ ನಿಮಿಷ ಸುಮ್ನಿರೇ ಮಾರಾಯ್ತಿ, ಸಾಕಾಗಿ ಹೋಗೈತೆ ನಂಗೆ" ಎನ್ನುತ್ತೀರಿ. ಇಂಥ ಬೈಯುವ ಅಜ್ಜಿ ಎಂದು ಎಲ್ಲರೂ ನಗುವುದು ರೂಢಿ. ನಿನ್ನೆ ನಾನು ನಗಲಿಲ್ಲ. ನೀವು ಹಾಗೆ ಬೈದರೂ ಆ ಮಗು ಬೆಚ್ಚದೆ ನಿಮ್ಮ ಮೈಮೇಲೆ ಹತ್ತುವುದನ್ನು ಮೊದಲ ಬಾರಿ ಗಮನಿಸಿದೆ.

ಆಮೇಲೆ ಗೋಡೆ ಸುಮ್ಮನಾಯಿತು. ನಾನು ಪಾಯಸದ ಬಟ್ಟಲು ಹಿಡಿದು ಹೊಸ್ತಿಲಲ್ಲಿ ಕೂತು, "ತುಂಬೇ, ಬಾರವ್ವ, ನನ್ ತಾವ ಬಾ" ಎಂದೆ. ಮಗು ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ. ಕಿಟಾರನೆ ಕಿರುಚಿ ಓಡಿಹೋಗಿ ಜಾಲರಿಗೆ ಕೆನ್ನೆ ಒತ್ತಿ, ಅವ್ವಾ ಅವ್ವಾ ಎಂದು ಗೋಡೆಯನ್ನು ಬಡಿಯತೊಡಗಿತು. ಮತ್ತೆ ಕರೆದೆ. ಕರೆದಷ್ಟೂ ಗೋಡೆಗೆ ಅಂಟಿಕೊಂಡಿತು. ನೆರೆಯವರು ಒಬ್ಬೊಬ್ಬರೇ ಮುಖ ತಿರುಗಿಸಿ ತೋರಣ ನೋಡುವವರಂತೆ ನಿಂತರು. ನನಗೆ ಎಷ್ಟು ಅವಮಾನವಾಯಿತೆಂದರೆ, ಬಂಡೆ ಬಿರಿದು ಒಳಗೆಳೆದುಕೊಂಡಿದ್ದರೆ ಸಾಕಿತ್ತು. ಓಬಳೇಶ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಇನ್ನೊಂದ್ ವರ್ಷ ಇರ್ಲಿ ಬಿಡೇ ಗೌರಿ. ನೀನೂ ಒಸಿ ಮಲಕ್ಕಬೋದು" ಎಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಿಮ್ಮ ಮುಂದೆ ಮುಚ್ಚಿಡುವುದೇನು, ಅಷ್ಟು ನೋವಿನಲ್ಲೂ ಮಲಗಬಹುದು ಎಂಬ ಮಾತು ಕೇಳಿ ನನ್ನ ಜೀವಕ್ಕೆ ಹಾಯೆನಿಸಿತು. ಇನ್ನೊಂದು ವರ್ಷ ನಿದ್ದೆ. ಅದಕ್ಕೆ ಬೆಲೆಯಾಗಿ ಮಗಳು ಹೋಗುತ್ತಾಳೆ ಎಂದು ಗೊತ್ತಿದ್ದೂ ಹಾಯೆನಿಸಿತು. ಅದಕ್ಕಾಗಿ ಇವತ್ತೂ ನನ್ನ ಮೇಲೆ ನನಗೆ ಸಿಟ್ಟಿದೆ.

ಮೂರು ದಿನ ಸರಿಯಾಗಿ ಮಲಗದವಳು, ಕರೆಯುವುದನ್ನು ಬಿಟ್ಟು ಹೊಸ್ತಿಲ ಪಕ್ಕದ ಗೋಡೆಗೊರಗಿ ಕಣ್ಣು ಮುಚ್ಚಿದೆ. ಮುಚ್ಚಿದ್ದಷ್ಟೇ ಗೊತ್ತು. ಊರಿಗೆ ಊರೇ ಕೂತಿರುವಾಗ, ಮಗಳ ಹಬ್ಬದಲ್ಲಿ, ಬಾಯಿ ತೆರೆದುಕೊಂಡು ಗೊರಕೆ ಹೊಡೆದೆನಂತೆ. ಎಚ್ಚರವಾದಾಗ ಹೊರಗೆ ಬಿಸಿಲು ವಾಲುತ್ತಿತ್ತು, ತೊಡೆಯ ಮೇಲೆ ಭಾರವಿತ್ತು. ತುಂಬೆ ನನ್ನ ಮಡಿಲಲ್ಲಿ ಕೂತು, ಐದು ಬೆರಳನ್ನೂ ಬಟ್ಟಲಿಗೆ ಅದ್ದಿ ಪಾಯಸ ತಿನ್ನುತ್ತ, ಕೈಯನ್ನು ನನ್ನ ಸೀರೆಗೆ ಒರೆಸುತ್ತಿದ್ದಳು. ಆಮೇಲೆ ಕೇಳಿದೆ: ನಾನು ಮಲಗಿದ ಮೇಲೆ ಅವಳು ಬಹಳ ಹೊತ್ತು ದೂರದಿಂದ ನೋಡಿದಳಂತೆ. ಹತ್ತಿರ ಬಂದು ನನ್ನ ಮೂಗು ಹಿಡಿದಳಂತೆ, ರೆಪ್ಪೆ ಎತ್ತಿ ನೋಡಿದಳಂತೆ. ನಾನು ಯಾವಾಗಲೂ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುವವಳು. ಮಲಗಿದ ತಾಯಿಯನ್ನು ಅವಳು ಅದೇ ಮೊದಲು ಕಂಡದ್ದು.

ಸಣ್ಣೀರಕ್ಕ ಮಾತ್ರ ತಲೆಯಾಡಿಸಿದಳು. "ಇದು ಲೆಕ್ಕಕ್ಕೆ ಬರಲ್ಲ ಕಣಮ್ಮ. ಕರೆದಾಗ ಬರಬೇಕು. ನಿದ್ದೆ ಹೊಡೀತಿದ್ದೋಳ್ ತಾವ ಬಂದ್ರೆ ಏನಂತ ಹೇಳ್ಲಿ ನಾನು?" ನನ್ನ ಅತ್ತೆ ನನ್ನ ಪರ ನಿಂತದ್ದು ಈ ಐದು ವರ್ಷದಲ್ಲಿ ಅದೊಂದೇ ಸಲ. "ಕರೆದ್ರೆ ನಾಯಿನೂ ಬತ್ತೈತೆ ಕಣೇ ಸಣ್ಣೀರಿ. ಕರೀದಂಗೆ ಬಂದೈತಲ್ಲ ಕೂಸು, ಅದಕ್ಕೇನಂತೀಯ?" ಎಂದರು. ಸಣ್ಣೀರಕ್ಕ ನನ್ನ ಕಡೆ ತಿರುಗಿದಳು. "ನೀನೇ ಹೇಳು. ಗಾರೆ ಮೆತ್ಲಾ, ಹಳೇ ದನಿ ಬಿಡ್ಲಾ? ಮೆತ್ತಿದ್ರೆ ನಾಳೆಯಿಂದ ಅತ್ರೂ ನೀನೇ, ಕಕ್ಕಿದ್ರೂ ನೀನೇ. ಆಮೇಲೆ ನನ್ ಮನೆ ಬಾಗ್ಲಿಗೆ ಬರಬ್ಯಾಡ." ಉತ್ತರ ಹೇಳಲು ನಾನು ಬಾಯಿ ತೆರೆಯಬೇಕಿತ್ತು, ತೆರೆದರೆ ಬರುವುದು ಆ ದನಿಯೇ. ಮಗು ಎದ್ದು ಓಡಬಹುದೆಂದು ಗೊತ್ತಿತ್ತು. ಅದೇ ಗೊಗ್ಗರು ಗಂಟಲಿನಲ್ಲಿ, ಮೆತ್ತು ಎಂದೆ. ತುಂಬೆ ಬೆಚ್ಚಿದಳು. ಮುಖ ಕಿವುಚಿದಳು. ಪಾಯಸದ ಕೈಯನ್ನು ಎತ್ತಿ ನನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಹಿಡಿದಳು. ಆದರೆ ಮಡಿಲಿನಿಂದ ಇಳಿಯಲಿಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ಗೋಡೆಯವ್ವ ನಿಮ್ಮ ಕಾಲದವಳಲ್ಲ. ಆದರೆ ಅವಳನ್ನು ಮೊದಲು ಬೇಡಿಕೊಂಡವರು ಕೆಟ್ಟವರಲ್ಲದ, ನನ್ನಂತೆ ಬರೀ ಸುಸ್ತಾದ ಜನರೇ ಇರಬೇಕು. ಒಂದು ದಿನ ಯಾರಾದರೂ ನಿಮ್ಮ ಬಾಗಿಲಿಗೆ ಬಂದು, ನಿಮಗೆ ದಣಿವಾದಾಗ ಮಗುವಿನೊಡನೆ ಮಾತಾಡಲು ನಿಮ್ಮ ದನಿ ಕೊಡಿ ಎಂದರೆ, ಕೊಡಲೇಬೇಡಿ ಎನ್ನುವ ಯೋಗ್ಯತೆ ನನಗಿಲ್ಲ. ಎರಡು ವರ್ಷ ಅದರಿಂದಲೇ ನಾನು ಮಲಗಿದ್ದೇನೆ. ಕೊಡುವುದಾದರೆ, ರಜೆಯಲ್ಲಿ ಉಂಡು ಮಲಗಿ ತಿಳಿಯಾದ ದನಿ ಕೊಡಬೇಡಿ. ಸಂಜೆ ಕೆಲಸದಿಂದ ಬಂದು ಚಪ್ಪಲಿ ಬಿಡುವಾಗಿನ ದನಿ ಕೊಡಿ, ಹಾಲು ಉಕ್ಕಿದಾಗಿನದು, ನೆಗಡಿಯಾದಾಗಿನದು, ಒಂದು ನಿಮಿಷ ಸುಮ್ಮನಿರು ಎನ್ನುವಾಗಿನದು. ಅದನ್ನು ಕೇಳಿ ಬೆಳೆದ ಮಗುವಿಗೆ ತಾಯಿ ಮನೆಗೆ ಬಂದಾಗ ಗುರುತು ಸಿಗುತ್ತದೆ. ನಾನು ನನ್ನ ಮಗಳಿಗೆ ನನ್ನ ಅತ್ಯುತ್ತಮ ನಾಲ್ಕು ದಿನಗಳನ್ನು ಕೊಟ್ಟೆ, ಅದರಿಂದ ಉಳಿದ ದಿನಗಳಲ್ಲಿ ಅವಳಿಗೆ ಪರಕೀಯಳಾದೆ.

ಗಾರೆ ಇನ್ನೂ ಹಸಿಯಾಗಿದೆ. ಒಳಕೋಣೆಯಿಂದ ತುಂಬೆಯ ಅಳು ಕೇಳುತ್ತಿದೆ. ಒಂದು ಕ್ಷಣ ರೂಢಿಯಂತೆ ಗೋಡೆ ಮಾತಾಡಲಿ ಎಂದು ಕಾದೆ. ಮಾತಾಡಲಿಲ್ಲ. ಮೈಯೆಲ್ಲ ನೋಯುತ್ತಿದೆ, ಪಾಳಿಗೆ ಇನ್ನು ಒಂದು ಗಂಟೆಯಿದೆ. ನಿಲ್ಲಿಸುತ್ತೇನೆ ಅಜ್ಜಿ, ನಾನೇ ಹೋಗಬೇಕು.