ವಾಲಿದ ಗೋಡೆಯ ಕುರಿತು ಬಿನ್ನಹ

ಚಿತ್ತಾಪುರ,
ಶ್ರಾವಣ ಬಹುಳ ತದಿಗೆ

ಮಠದ ಪೂಜ್ಯ ಅಪ್ಪನವರ ಸನ್ನಿಧಿಗೆ ಮಡಿವಾಳಯ್ಯನ ಶರಣು ಶರಣಾರ್ಥಿಗಳು.

ಸೋಮವಾರ ದಾಸೋಹ ಭವನಕ್ಕೆ ಸ್ಲ್ಯಾಬ್ ಹಾಕುವುದನ್ನು ದಯಮಾಡಿ ನಿಲ್ಲಿಸಬೇಕು. ನಾನು ಕಟ್ಟಿಸಿದ ಪಡುವಣ ಗೋಡೆ ಹೊರಕ್ಕೆ ವಾಲಿದೆ. ಪೊರೆ ಬಂದ ನನ್ನ ಕಣ್ಣಿಗೆ ಅದು ಕಾಣಲಿಲ್ಲ. ಗಾರೆ ಹೊರುವ ಅನಸುಬಾಯಿ ನಿನ್ನೆ ಹೇಳಿದಳು:

“ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಗ್ವಾಡಿ ವಾಲ್ಯಾದ. ಎಂಟು ದಿನದಿಂದ ಎಲ್ಲಾರೂ ನೋಡಾಕತ್ತೀವ್ರಿ.”

“ಮತ್ತ ಯಾಕ ಹೇಳ್ಲಿಲ್ಲವ್ವಾ?” ಎಂದೆ.

“ಬಾಯಿ ಮುಚ್ಕೊಂಡು ಕೆಲಸ ಮಾಡ್ರಿ ಅಂತ ನೀವೇ ಹೇಳೀರಲ್ಲರಿ!”

ಹದಿನೇಳು ವರ್ಷ ಸೈನ್ಯದಲ್ಲಿ ಆಜ್ಞೆಗೆ ಮರುಮಾತಾಡದೆ ಬಾಳಿದವನು ನಾನು. ಊರಿಗೆ ಮರಳಿ ಕಟ್ಟಡದ ಗುತ್ತಿಗೆ ಹಿಡಿದ ಮೇಲೆ ಆ ಶಿಸ್ತನ್ನೇ ಕೂಲಿಕಾರರಿಗೂ ಕಲಿಸಿದೆ. ಆದುದರಿಂದ ಅವರ ಮೇಲೆ ತಪ್ಪು ಹೊರಿಸಲಾಗದು.

ಗೋಡೆಯನ್ನು ಕೆಡವಿಸಿ, ಮುಂದಿನ ಕೆಲಸವನ್ನು ಮೇಸ್ತ್ರಿ ಸಂಘಪಾಲನಿಗೆ ಒಪ್ಪಿಸಬೇಕೆಂದು ಬೇಡುತ್ತೇನೆ. ಅವನ ಕಣ್ಣು ಚುರುಕು. ಮಿಗಿಲಾಗಿ, ಕೂಲಿಕಾರರು ಅವನೊಡನೆ ನಿರ್ಭಯವಾಗಿ ಜಗಳವಾಡುತ್ತಾರೆ. ನಾನು ದಣಿದಿದ್ದೇನೆ.

ಅನಸುಬಾಯಿಯ ಕ್ಷಮೆ ಕೇಳಲೆಂದು ಇಂದು ಬೆಳಿಗ್ಗೆ ಹೋಗಿದ್ದೆ. ನನ್ನನ್ನು ಕಂಡೊಡನೆ ಎಲ್ಲರೂ ಬುಟ್ಟಿ ಇಳಿಸಿ ಸಾಲಾಗಿ ಸೆಟೆದು ನಿಂತರು. ಕ್ಷಮೆ ಕೇಳದೆಯೇ ಮರಳಿ ಬಂದೆ. ಆ ಒಂದು ಮಾತನ್ನು ತಾವೇ ಆಕೆಗೆ ತಲುಪಿಸಬೇಕು.

ತಮ್ಮ ಪಾದಸೇವಕ,
ಮಡಿವಾಳಯ್ಯ,
ನಿವೃತ್ತ ಹವಾಲ್ದಾರ