ಪಟದ ಅಂಚಿನಲ್ಲಿ ಸೋದರತ್ತೆ

ವೇದಾ,

ನೀನು ತೆಗೆದ ಯುಗಾದಿಯ ಪಟಗಳು ಸ್ಟುಡಿಯೋದಿಂದ ಬಂದಿವೆ. ಹೊಸ ರೀಲಿನ ಜೊತೆ ಗೂಡಿನಲ್ಲಿಟ್ಟಿದ್ದೇನೆ.

ಬೆಳಕು ಚೆನ್ನಾಗಿ ಬಿದ್ದಿದೆ. ಅಪ್ಪನ ತಲೆ ಈ ಸಲ ಕತ್ತರಿಸಿಲ್ಲ. ಆದರೆ ಸೋದರತ್ತೆ ಎಲ್ಲಿಯೂ ಇಲ್ಲ. ಒಂದೇ ಒಂದು ಪಟದ ಅಂಚಿನಲ್ಲಿ ಅವರ ಸೆರಗಿದೆ. ಗಂಡನನ್ನು ಕಳೆದುಕೊಂಡವಳು ಹಬ್ಬದ ಪಟದಲ್ಲಿ ಬೇಡವೆಂದು ಅವರೇ ಸರಿದರು, ನಾನೂ ಸುಮ್ಮನಿದ್ದೆ. ಅದು ನಿನ್ನ ತಪ್ಪಲ್ಲ.

ಸಂಜೆ ಅವರು ಮೈಸೂರಿಗೆ ಹೊರಡುತ್ತಾರೆ. ಮತ್ತೆ ಬರುವಷ್ಟು ತ್ರಾಣ ಅವರಲ್ಲಿಲ್ಲ.

ಅವರ ಔಷಧಿಗೆ ಗಾಂಧಿ ಬಜಾರಿಗೆ ಹೋಗುತ್ತಿದ್ದೇನೆ. ಮೊದಲು ಊಟ ಮಾಡು. ಮೂರು ಗಂಟೆಗೆ ಹಿತ್ತಲಿನಲ್ಲಿ ಕುರ್ಚಿ ಹಾಕಿ ಅವರನ್ನು ಕೂರಿಸು. “ನಂದ್ಯಾಕೇ ಪಟ, ಹೋಗೇ” ಅಂದರೆ, ಅಮ್ಮ ಹೇಳಿದ್ದಾಳೆ ಎನ್ನು.

ಆತುರಪಡಬೇಡ, ನಾನು ಬರುವ ತನಕ ಕಾಯು. ಅವರ ಪಕ್ಕದಲ್ಲಿ ನಾನು ನಿಲ್ಲಬೇಕು.

ಅಮ್ಮ